ಆಹಾರ ಸಂಶೋಧನೆಯ ನಮೂನೆಯಲ್ಲಿ ಮುದ್ದೆಗೂ ಒಂದು ಕಾಲಂ ಇರಲಿ

ಮಾನ್ಯ ಸಂಪಾದಕರಿಗೆ,

ಮಧುಮೇಹ ಮತ್ತು ಪಥ್ಯದ ಬಗ್ಗೆ ಕಳೆದ ವಾರ ತಮ್ಮ ಪತ್ರಿಕೆಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಸಂಶೋಧನೆಗಳು ಏನು ಹೇಳುತ್ತವೆ ಎಂಬುದನ್ನು ಲೇಖಕರು ಚೆನ್ನಾಗಿ ವಿವರಿಸಿದ್ದಾರೆ. ಆ ಸಂಶೋಧನೆಗಳಿಗಾಗಿ ರಕ್ತ ಕೊಟ್ಟು, ತಿಂದದ್ದನ್ನೆಲ್ಲ ಬರೆದುಕೊಟ್ಟು, ತಿಂಗಳುಗಟ್ಟಲೆ ಹೇಳಿದಂತೆ ನಡೆದುಕೊಂಡವರ ಕಡೆಯಿಂದಲೂ ಹೇಳಬೇಕಾದ ಮಾತೊಂದಿದೆ. ಅಂಥವರಲ್ಲಿ ನಾನೂ ಒಬ್ಬನಾದ್ದರಿಂದ ಈ ಪತ್ರ.

ನಾನು ನಿವೃತ್ತ ಪ್ರೌಢಶಾಲಾ ವಿಜ್ಞಾನ ಶಿಕ್ಷಕ. ಎರಡು ವರ್ಷದ ಹಿಂದೆ, ಕಳೆದ ಎರಡು-ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿಯನ್ನು ತೋರಿಸುವ ನನ್ನ ಎಚ್‌ಬಿಎ1ಸಿ ಪ್ರಮಾಣ 6.1 ಬಂದಿತ್ತು. 5.7ರಿಂದ 6.4ರವರೆಗಿನ ಪ್ರಮಾಣವನ್ನು ವೈದ್ಯರು ಮಧುಮೇಹಪೂರ್ವ ಸ್ಥಿತಿ ಎನ್ನುತ್ತಾರೆ. ಆಹಾರ ಮತ್ತು ನಡಿಗೆಯಿಂದ ಇದನ್ನು ಎಷ್ಟರಮಟ್ಟಿಗೆ ಹಿಮ್ಮೆಟ್ಟಿಸಬಹುದು ಎಂದು ತಿಳಿಯಲು ನಗರದ ಒಂದು ಸಂಸ್ಥೆ ಆರು ತಿಂಗಳ ಅಧ್ಯಯನಕ್ಕೆ ಜನರನ್ನು ಕರೆದಾಗ ನಾನು ಸಂತೋಷದಿಂದಲೇ ಹೆಸರು ಕೊಟ್ಟೆ. ಮೊದಲ ದಿನ ಖಾಲಿ ಹೊಟ್ಟೆಯಲ್ಲಿ ರಕ್ತ ತೆಗೆದುಕೊಂಡು, 75 ಗ್ರಾಂ ಗ್ಲೂಕೋಸ್ ಕರಗಿಸಿದ ನೀರು ಕುಡಿಸಿ, ಎರಡು ಗಂಟೆ ಕೂರಿಸಿ ಮತ್ತೆ ರಕ್ತ ತೆಗೆದುಕೊಂಡರು. ಆಮೇಲೆ ಡಯಟೀಷಿಯನ್ ಹೆಣ್ಣುಮಗಳೊಬ್ಬಳು ಮುದ್ರಿತ ನಮೂನೆ ಹಿಡಿದು, ಹಿಂದಿನ ದಿನ ಏನೇನು ತಿಂದಿರಿ ಎಂದು ಕೇಳಲು ಕುಳಿತಳು.

ಆ ನಮೂನೆಯಲ್ಲಿ ಬ್ರೆಡ್ಡಿಗೆ ಸ್ಲೈಸ್ ಲೆಕ್ಕವಿತ್ತು, ಸೀರಿಯಲ್ಲಿಗೆ ಕಪ್ಪಿನ ಲೆಕ್ಕವಿತ್ತು, ಪಾಸ್ತಾಗೂ ಒಂದು ಸಾಲಿತ್ತು. ರಾಗಿ ಮುದ್ದೆ ಇರಲಿಲ್ಲ, ಅಕ್ಕಿ ರೊಟ್ಟಿ ಇರಲಿಲ್ಲ, ಬಸ್ಸಾರೂ ಇರಲಿಲ್ಲ. ನಾನು ರಾತ್ರಿ ಒಂದು ಮುದ್ದೆ ಉಂಡೆನೆಂದಾಗ ಆಕೆ ‘ಇತರೆ: 1’ ಎಂದು ಬರೆದುಕೊಂಡಳು. ನನ್ನ ಪಕ್ಕದಲ್ಲಿದ್ದವರು ಮಾಗಡಿ ಕಡೆಯಿಂದ ಬಂದು ಪೀಣ್ಯದ ಗಾರ್ಮೆಂಟ್ಸಿನಲ್ಲಿ ದುಡಿಯುವ ಹೆಂಗಸು. ಅವರೂ ಒಂದು ಮುದ್ದೆ ಎಂದರು. ಅವರ ಹಾಳೆಯ ಮೇಲೂ ‘ಇತರೆ: 1’ ಎಂದೇ ಬಿತ್ತು.

ಮನೆಗೆ ಬಂದು ನಮ್ಮ ಮುದ್ದೆಯನ್ನು ತಕ್ಕಡಿಯ ಮೇಲಿಟ್ಟೆ. 230 ಗ್ರಾಂ ತೂಗಿತು. ಅದಕ್ಕೆ ನನ್ನ ಹೆಂಡತಿ ಹಾಕಿದ್ದ ಹಿಟ್ಟು 85 ಗ್ರಾಂ, ಉಳಿದದ್ದು ನೀರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಭಾರತೀಯ ಆಹಾರ ಘಟಕಗಳ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಅಂದರೆ ನನ್ನ ಮುದ್ದೆಯಲ್ಲಿ ಇದ್ದದ್ದು 57 ಗ್ರಾಂ. ಆ ಹೆಂಗಸಿನ ಮನೆಯ ಮುದ್ದೆ ಇದರ ಎರಡರಷ್ಟಿದ್ದರೆ ಒಂದೇ ಹೊತ್ತಿನ ಊಟದಲ್ಲಿ 57 ಗ್ರಾಂ ವ್ಯತ್ಯಾಸವಾಯಿತು. ಕಾಗದದ ಮೇಲೆ ಮಾತ್ರ ನಾವಿಬ್ಬರೂ ಉಂಡದ್ದು ಒಂದೇ.

ಇದು ಸಣ್ಣ ವಿಷಯವೆಂದು ಯಾರಾದರೂ ಭಾವಿಸಿದರೆ, ಈ ಕ್ಷೇತ್ರದ ಬಹುಪಾಲು ಲೆಕ್ಕಾಚಾರ ನಿಂತಿರುವುದೇ ಇಂಥ ಹಾಳೆಗಳ ಮೇಲೆ ಎಂಬುದನ್ನು ದಯವಿಟ್ಟು ಗಮನಿಸಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನವು ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಮಧುಮೇಹಪೂರ್ವ ಸ್ಥಿತಿಯಲ್ಲಿದ್ದಾರೆ ಎಂದು 2023ರಲ್ಲಿ ಪ್ರಕಟಿಸಿತು. ಅದೇ ಅಧ್ಯಯನದ ಆಹಾರದ ಮಾಹಿತಿಯಿಂದ, ನಾವು ಪಡೆಯುವ ಶಕ್ತಿಯಲ್ಲಿ ಶೇ 62ರಷ್ಟು ಕಾರ್ಬೋಹೈಡ್ರೇಟಿನಿಂದಲೇ ಬರುತ್ತಿದೆ, ಅದನ್ನು ಶೇ 50ರ ಆಸುಪಾಸಿಗೆ ಇಳಿಸಿ ಪ್ರೋಟೀನ್ ಹೆಚ್ಚಿಸಿಕೊಂಡರೆ ಪ್ರಯೋಜನವಾಗಬಹುದು ಎಂದು ತಜ್ಞರು ಲೆಕ್ಕ ಹಾಕಿದ್ದಾರೆ. 62ಕ್ಕೂ 50ಕ್ಕೂ ಇರುವ ಅಂತರವನ್ನು ಅಳೆಯಹೊರಟವರು ಒಂದು ಮುದ್ದೆಗೂ ಇನ್ನೊಂದಕ್ಕೂ ಇರುವ ಅಂತರವನ್ನು ಕೈಬಿಟ್ಟರೆ ಉತ್ತರ ಸರಿಯಾಗಿ ಬರುವುದು ಹೇಗೆ?

ಹೊರದೇಶದ ನಮೂನೆ, ಹೊರದೇಶದ ಫಲಿತಾಂಶಗಳು ನಮಗೆ ಹಾಗೆಯೇ ಹೊಂದುವುದಿಲ್ಲ ಎಂಬುದಕ್ಕೆ ಬೇರೆ ಆಧಾರವೂ ಇದೆ. 2002ರಲ್ಲಿ ಪ್ರಕಟವಾದ ಅಮೆರಿಕದ ಮಧುಮೇಹ ತಡೆ ಅಧ್ಯಯನದಲ್ಲಿ, ತೂಕವನ್ನು ಶೇ 7ರಷ್ಟು ಇಳಿಸುವ ಮತ್ತು ವಾರಕ್ಕೆ 150 ನಿಮಿಷ ವ್ಯಾಯಾಮ ಮಾಡುವ ಗುರಿ ಇಟ್ಟುಕೊಂಡವರಲ್ಲಿ ಮಧುಮೇಹ ಬರುವ ಪ್ರಮಾಣ ಶೇ 58ರಷ್ಟು ತಗ್ಗಿತು, ಮೆಟ್‌ಫಾರ್ಮಿನ್ ಮಾತ್ರೆಯಿಂದ ಶೇ 31ರಷ್ಟು. ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು 531 ಜನರ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಹಾರ ಮತ್ತು ವ್ಯಾಯಾಮದಿಂದ ಆದ ಇಳಿಕೆ ಶೇ 28.5, ಮಾತ್ರೆಯಿಂದ ಶೇ 26.4. ಎರಡನ್ನೂ ಕೂಡಿಸಿದರೂ ಹೆಚ್ಚಿನ ಲಾಭವೇನೂ ಸಿಗಲಿಲ್ಲ. ನನ್ನನ್ನು ನಿಜಕ್ಕೂ ತಡೆದು ನಿಲ್ಲಿಸಿದ ಸಂಗತಿ ಬೇರೆ: ಚೆನ್ನೈ ಅಧ್ಯಯನದಲ್ಲಿ ಯಾವ ವಿಶೇಷ ಉಪಚಾರವನ್ನೂ ಪಡೆಯದ ಗುಂಪಿನ ಶೇ 55ರಷ್ಟು ಜನರಿಗೆ ಮೂರೇ ವರ್ಷಗಳಲ್ಲಿ ಮಧುಮೇಹ ಬಂದಿತ್ತು, ಅಮೆರಿಕದ ಅಂಥದೇ ಗುಂಪಿನಲ್ಲಿ ಈ ಪ್ರಮಾಣ ಶೇ 29ರಷ್ಟಿತ್ತು. ನಮ್ಮ ಮೈಗುಣವೇ ಬೇರೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರು ಲಂಡನ್ನಿನ ಜಾನ್ ಯಡ್ಕಿನ್ ಅವರೊಡನೆ 2004ರಲ್ಲಿ ತಮ್ಮಿಬ್ಬರ ಚಿತ್ರವನ್ನೇ ಪ್ರಕಟಿಸಿ ಇದನ್ನು ತೋರಿಸಿಕೊಟ್ಟರು. ಇಬ್ಬರದೂ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 22.3. ಆದರೆ ಯಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2. ತೆಳ್ಳಗೆ ಕಾಣುವವರಿಗೂ ನಮ್ಮಲ್ಲಿ ಸಕ್ಕರೆ ಕಾಯಿಲೆ ಏಕೆ ಬರುತ್ತದೆ ಎಂದು ಕೇಳುವವರು ಆ ಎರಡು ಸಂಖ್ಯೆಗಳನ್ನು ನೋಡಬೇಕು.

ವ್ಯಾಯಾಮದ ಲೆಕ್ಕವೂ ಹೀಗೆಯೇ ಆಯಿತು. ಹೆಜ್ಜೆ ಎಣಿಸುವ ಪಟ್ಟಿಯನ್ನು ನಮ್ಮ ಕೈಗೆ ಕಟ್ಟಿದರು. ದುಡಿಯುವ ಸ್ನಾಯುಗಳು ಇನ್ಸುಲಿನ್ನಿನ ನೆರವಿಲ್ಲದೆಯೂ ರಕ್ತದ ಗ್ಲೂಕೋಸನ್ನು ಹೀರಿಕೊಳ್ಳಬಲ್ಲವು, ಊಟವಾದ ಮೇಲೆ ಹದಿನೈದು ನಿಮಿಷ ನಡೆದರೆ ಒಳ್ಳೆಯದೆಂದು ಹೇಳುವುದು ಇದೇ ಕಾರಣಕ್ಕೆ. ಆದರೆ ಆ ಹೆಂಗಸು ಹೊತ್ತಾರೆ ಎದ್ದು ಕುಕ್ಕರಗಾಲಿನಲ್ಲಿ ಕೂತು ನೆಲ ಒರೆಸಿದ್ದು, ಬಟ್ಟೆ ಒಗೆದದ್ದು, ಮೂರನೇ ಮಹಡಿಗೆ ನೀರು ಹೊತ್ತದ್ದು ಇವುಗಳಲ್ಲಿ ಪಟ್ಟಿಗೆ ದಕ್ಕಿದ್ದು ಅಲ್ಪಸ್ವಲ್ಪ. ‘ವ್ಯಾಯಾಮ ಮಾಡುತ್ತೀರಾ?’ ಎಂಬ ಪ್ರಶ್ನೆಗೆ ಅವರು ಇಲ್ಲವೆಂದೇ ಉತ್ತರಿಸಿದರು.

ಆ ಡಯಟೀಷಿಯನ್ ಹುಡುಗಿಯನ್ನು ನಾನು ದೂರುತ್ತಿಲ್ಲ. ಮೂರನೇ ಭೇಟಿಗೆ ಆಕೆ ತಾನಾಗಿಯೇ ಗೋಧಿ ಹಿಟ್ಟು ಕಲಸಿ, ಕಿತ್ತಳೆಯಷ್ಟು, ಬೇಲದ ಹಣ್ಣಿನಷ್ಟು, ಸಣ್ಣ ತೆಂಗಿನಕಾಯಿಯಷ್ಟು ಹೀಗೆ ಮೂರು ಉಂಡೆ ಮಾಡಿ ಡಬ್ಬಿಯಲ್ಲಿಟ್ಟು ತಂದಿದ್ದಳು. ಮಾಗಡಿಯ ಹೆಂಗಸು ದೊಡ್ಡ ಉಂಡೆಯ ಮೇಲೆ ಕೈಯಿಟ್ಟು, “ಇದು ಕಣಮ್ಮ ನಮ್ಮನೆ ಮುದ್ದೆ” ಎಂದರು. ಹುಡುಗಿ ಅದನ್ನು ಹಾಳೆಯ ಅಂಚಿನಲ್ಲಿ ಬರೆದುಕೊಂಡಳು, ಏಕೆಂದರೆ ಬರೆಯಲು ಬೇರೆ ಜಾಗವಿರಲಿಲ್ಲ. ಅಂಚಿನಲ್ಲಿ ಬರೆದದ್ದು ಕಂಪ್ಯೂಟರಿಗೆ ಹೋಯಿತೋ ಇಲ್ಲವೋ, ನನಗೆ ಯಾರೂ ಹೇಳಲಿಲ್ಲ.

ಒಪ್ಪಿಗೆ ಪತ್ರದ ಕನ್ನಡದ ಬಗ್ಗೆಯೂ ಹೇಳಲೇಬೇಕು. ‘ಸಹಭಾಗಿಯು ಯಾದೃಚ್ಛೀಕರಣಕ್ಕೆ ಒಳಪಡತಕ್ಕದ್ದು’ ಎಂದು ಅದರಲ್ಲಿತ್ತು. ಮೂವತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ವಿಜ್ಞಾನ ಕಲಿಸಿದ ನನಗೇ ಅದು ಎರಡು ಸಲ ಓದಿದ ಮೇಲೆ ಅರ್ಥವಾಯಿತು. ಚೀಟಿ ಎತ್ತಿದ ಹಾಗೆ ನಿಮ್ಮನ್ನು ಎರಡು ಗುಂಪುಗಳಲ್ಲಿ ಒಂದಕ್ಕೆ ಸೇರಿಸುತ್ತೇವೆ, ಯಾವ ಗುಂಪು ಎಂಬುದನ್ನು ವೈದ್ಯರೂ ಆರಿಸುವುದಿಲ್ಲ ಎಂದು ಬರೆದಿದ್ದರೆ ಯಾರಿಗಾದರೂ ತಿಳಿಯುತ್ತಿತ್ತು. ಆ ಹೆಂಗಸು ನನ್ನ ಮುಖ ನೋಡಿ, ನಾನು ತಲೆಯಾಡಿಸಿದ ಮೇಲೆ ಸಹಿ ಹಾಕಿದರು. ತಿಳಿದು ಕೊಟ್ಟ ಒಪ್ಪಿಗೆ ಎಂದು ಅದನ್ನು ಕರೆಯಲಾರೆ, ನಾನು ತಲೆಯಾಡಿಸಿದ್ದಕ್ಕೆ ಇಂದಿಗೂ ಮನಸ್ಸಿನಲ್ಲಿ ಅಳುಕಿದೆ.

ಹಾಗಾಗಿ ನಗರದಲ್ಲಿ ಇಂಥ ಅಧ್ಯಯನ ನಡೆಸುವ ಎಲ್ಲ ಸಂಸ್ಥೆಗಳಲ್ಲಿ ನನ್ನ ಕೋರಿಕೆಯಿಷ್ಟು. ಆಹಾರದ ನಮೂನೆಯನ್ನು ಇಲ್ಲಿನ ಅಡುಗೆಮನೆಯ ಸೌಟು, ಬಟ್ಟಲು, ಮುದ್ದೆಯ ಗಾತ್ರಗಳಿಂದಲೇ ರೂಪಿಸಬೇಕು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಅಧ್ಯಯನಗಳನ್ನು ಪರಿಶೀಲಿಸಿ ಅನುಮತಿ ಕೊಡುವ ಪ್ರತಿ ನೈತಿಕ ಸಮಿತಿಯಲ್ಲೂ ವೈದ್ಯರಲ್ಲದ ಒಬ್ಬ ಜನಸಾಮಾನ್ಯ ಸದಸ್ಯರು ಇರಬೇಕು. ಕನ್ನಡದ ಒಪ್ಪಿಗೆ ಪತ್ರವನ್ನು ಅವರಿಂದ ಗಟ್ಟಿಯಾಗಿ ಓದಿಸಿ, ಅರ್ಥವಾಯಿತೆಂದು ಅವರು ಹೇಳಿದ ಮೇಲೆಯೇ ಅಧ್ಯಯನಕ್ಕೆ ಅನುಮತಿ ಕೊಡಬೇಕು. ಸಂಶೋಧನೆಯಲ್ಲಿ ಭಾಗವಹಿಸಿದವರು ಬಯಸಿದರೆ ಒಟ್ಟಾರೆ ಫಲಿತಾಂಶವನ್ನು ಅವರಿಗೆ ತಿಳಿಸುವ ಅವಕಾಶವಿರಬೇಕೆಂದು ವೈದ್ಯಕೀಯ ಸಂಶೋಧನೆಯ ನೀತಿಗಳನ್ನು ಹೇಳುವ ಅಂತರರಾಷ್ಟ್ರೀಯ ಹೆಲ್ಸಿಂಕಿ ಘೋಷಣೆಯ 2013ರ ಪರಿಷ್ಕೃತ ರೂಪವೇ ಹೇಳಿತ್ತು. ಇದಕ್ಕೆ ಕನ್ನಡದಲ್ಲಿ ಬರೆದ ಒಂದು ಪುಟದ ಪತ್ರ ಸಾಕು.

ನಮ್ಮ ಕೊನೆಯ ರಕ್ತದ ಮಾದರಿ ತೆಗೆದುಕೊಂಡು ಹದಿನಾಲ್ಕು ತಿಂಗಳಾಯಿತು. ನನ್ನ ಎಚ್‌ಬಿಎ1ಸಿ ಈಗ 5.8ಕ್ಕೆ ಬಂದಿದೆ, ಅದಕ್ಕೆ ನಾನು ಆ ಅಧ್ಯಯನಕ್ಕೆ ಋಣಿ. ಆದರೆ ನಮ್ಮ ಗುಂಪಿನಲ್ಲಿ ಎಷ್ಟು ಜನರಿಗೆ ಹೀಗೆ ಇಳಿಯಿತು, ಇನ್ನೊಂದು ಗುಂಪಿನವರಿಗೆ ಏನಾಯಿತು ಎಂಬುದು ನನಗೂ ಗೊತ್ತಿಲ್ಲ, ಬಸ್ ನಿಲ್ದಾಣದಲ್ಲಿ ಕಂಡಾಗಲೆಲ್ಲ “ಸಾರ್, ಏನಾದ್ರೂ ಹೇಳಿದ್ರಾ?” ಎಂದು ಕೇಳುವ ಆ ಹೆಂಗಸಿಗೂ ಗೊತ್ತಿಲ್ಲ. ನಮ್ಮಿಬ್ಬರ ವಿಳಾಸವೂ ಅವರ ಬಳಿ ಇದೆ.

ಇಂತಿ,
ಅಧ್ಯಯನದಲ್ಲಿ ಭಾಗವಹಿಸಿದ ಒಬ್ಬ ನಿವೃತ್ತ ಶಿಕ್ಷಕ
ರಾಜಾಜಿನಗರ, ಬೆಂಗಳೂರು