ಮೌಲ್ಯ ಶಿಕ್ಷಣದ ಅವಧಿ ಯಾರ ಪಾಲಿಗೆ?

ಮಾನ್ಯರೇ,

ಶಾಲೆಗಳಲ್ಲಿ ಸಂವಿಧಾನದ ಪೀಠಿಕೆಯನ್ನು ಓದಿಸುವ ಕ್ರಮ ಸ್ವಾಗತಾರ್ಹ. ಆದರೆ ಪ್ರಾರ್ಥನೆಯ ವೇಳೆ ಒಕ್ಕೊರಲಿನಿಂದ ಹೇಳಿದ ಆ ಸಮಾನತೆ ತಮ್ಮ ತರಗತಿಯಲ್ಲಿ, ತಮ್ಮ ಬೀದಿಯಲ್ಲಿ ಎಷ್ಟಿದೆ ಎಂಬ ಚರ್ಚೆ ನಡೆಯದಿದ್ದರೆ ಅದು ಬಾಯಿಪಾಠವಾಗಿಯೇ ಉಳಿಯುತ್ತದೆ. 1976ರ 42ನೇ ತಿದ್ದುಪಡಿಯ ಮೂಲಕ ಸೇರಿದ 51ಎ ವಿಧಿಯು ವೈಜ್ಞಾನಿಕ ಮನೋಭಾವ, ಮಾನವೀಯತೆ, ಜಿಜ್ಞಾಸೆ ಹಾಗೂ ಸುಧಾರಣೆಯ ಪ್ರವೃತ್ತಿಯನ್ನು ಬೆಳೆಸಿಕೊಳ್ಳುವುದು ಮೂಲಭೂತ ಕರ್ತವ್ಯವೆಂದು ಸಾರುತ್ತದೆ. ಹೀಗಿದ್ದೂ ಪ್ರಶ್ನೆ ಕೇಳುವ ವಿದ್ಯಾರ್ಥಿಗೆ ನಮ್ಮಲ್ಲಿ ಸಿಗುವುದು ಅಧಿಕಪ್ರಸಂಗಿ ಎಂಬ ಬಿರುದು!

ವೇಳಾಪಟ್ಟಿಯಲ್ಲಿ ಮೌಲ್ಯ ಶಿಕ್ಷಣಕ್ಕೆ ಅವಧಿ ಇದ್ದರೂ, ಎಸ್‌ಎಸ್‌ಎಲ್‌ಸಿ ಪರೀಕ್ಷೆ ಸಮೀಪಿಸಿದಂತೆ ಅದು ಗಣಿತ, ವಿಜ್ಞಾನಗಳ ಪಾಲಾಗುವುದು ಶಿಕ್ಷಕರೆಲ್ಲರಿಗೂ ಗೊತ್ತಿರುವ ಸಂಗತಿ. ಕನ್ನಡ ಪಠ್ಯದ ವಚನಗಳನ್ನು ಭಾವಾರ್ಥ ಬರೆಸುವುದಕ್ಕೆ ಸೀಮಿತಗೊಳಿಸದೆ ವಾದಕ್ಕೆ ಒಡ್ಡಿದರೆ ತತ್ತ್ವಚಿಂತನೆಗೆ ಪ್ರತ್ಯೇಕ ಪುಸ್ತಕವೇ ಬೇಕಾಗದು. ಗ್ರಾಮ ಪಂಚಾಯಿತಿಗಳು ನಡೆಸುವ ಮಕ್ಕಳ ಗ್ರಾಮಸಭೆಗೆ ಮುನ್ನ, ಶೌಚಾಲಯ, ಬಸ್ಸು, ಕುಡಿಯುವ ನೀರಿನ ಬಗ್ಗೆ ತರಗತಿಯಲ್ಲೇ ಮಾತನಾಡುವ, ಭಿನ್ನಾಭಿಪ್ರಾಯವನ್ನು ತಾಳ್ಮೆಯಿಂದ ಕೇಳುವ ಅಭ್ಯಾಸ ಮಾಡಿಸಿ, ಸಭೆಯ ನಂತರ ತಮ್ಮ ಬೇಡಿಕೆ ಏನಾಯಿತೆಂದು ಮಕ್ಕಳೇ ಪತ್ರ ಬರೆದು ವಿಚಾರಿಸುವಂತೆ ಮಾಡಬಹುದು. ಇದರಿಂದ ಹಿಂಜರಿಕೆಯೂ ಕಳೆಯುತ್ತದೆ.

ಮೌಲ್ಯ ಶಿಕ್ಷಣದ ಅವಧಿಯನ್ನು ಅನ್ಯ ವಿಷಯಗಳಿಗೆ ಬಳಸದಂತೆ ಶಿಕ್ಷಣ ಇಲಾಖೆ ಸೂಚಿಸಿ, ಚರ್ಚೆ ನಡೆಸುವ ಬಗೆಗೆ ಶಿಕ್ಷಕರಿಗೆ ತರಬೇತಿ ನೀಡಲಿ. ಆದರೆ ಈ ಚರ್ಚೆಗೆ ಅಂಕ ನೀಡುವುದು ಬೇಡ.

– ನಿವೃತ್ತ ಪ್ರೌಢಶಾಲಾ ಶಿಕ್ಷಕಿ, ಶಿವಮೊಗ್ಗ