ಕ್ಯಾಮೆರಾ ಹಿಡಿದವರು ಯಾರು ಅಂತ ಒಂದು ಸಾಲು ಬರೆಯಿರಿ

ಮಾನ್ಯ ಸಂಪಾದಕರೇ,

ಟೀವಿಯಲ್ಲಿ ಬರುವ ಇತಿಹಾಸದ ಡಾಕ್ಯುಮೆಂಟರಿಗಳನ್ನು ಬಿಡದೆ ನೋಡುವವರಲ್ಲಿ ನಾನೂ ಒಬ್ಬ. ಅಮೆರಿಕ ಮತ್ತು ಸೋವಿಯತ್ ರಷ್ಯಾದ ಜಗಳ, ಉಗಿಯಂತ್ರ, ರಾಜರಾಣಿಯರ ಕಥೆ, ಇವುಗಳಲ್ಲಿ ಯಾವುದು ಬಂದರೂ ರಿಮೋಟ್ ನನ್ನ ಕೈ ಬಿಟ್ಟು ಹೋಗುವುದಿಲ್ಲ. ಹಾಗಾಗಿ ಇದು ಬೈಯುವುದಕ್ಕೆ ಬರೆದ ಪತ್ರ ಅಲ್ಲ. ಒಂದು ಸಣ್ಣ ತಕರಾರು ಇದೆ. ಚಾನೆಲ್‌ನವರಿಗೆ ಎರಡು ಸಲ ಬರೆದೆ, ಉತ್ತರ ಬರಲಿಲ್ಲ. ಅದಕ್ಕೇ ನಿಮ್ಮ ಬಾಗಿಲು ತಟ್ಟುತ್ತಿದ್ದೇನೆ.

ಮೊನ್ನೆ ರಷ್ಯಾದ ಕ್ರಾಂತಿಯ ಮೇಲೆ ಒಂದು ಕಂತು ಬಂತು. 1917, ಪೆಟ್ರೊಗ್ರಾಡ್, ಚಳಿಗಾಲದ ಅರಮನೆ, ರಾತ್ರಿ ಹೊತ್ತು. ಬಂದೂಕು ಹಿಡಿದ ಸಾವಿರಾರು ಜನ ಚೌಕದ ತುಂಬ ಓಡಿ ಬರುತ್ತಾರೆ, ಕಬ್ಬಿಣದ ದೊಡ್ಡ ಗೇಟನ್ನು ಹತ್ತುತ್ತಾರೆ, ಗೇಟಿನ ಮೇಲಿನ ಕಿರೀಟದ ಮೇಲೇ ಕಾಲಿಡುತ್ತಾರೆ. ಹಿನ್ನೆಲೆಯಲ್ಲಿ ನಗಾರಿ, ಗುಂಡಿನ ಸದ್ದು, ಕೂಗಾಟ. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಏಳನೇ ಕ್ಲಾಸಿನ ಮಗಳು ಕೇಳಿದಳು: ‘ಅಪ್ಪಾ, ಇದನ್ನ ಶೂಟ್ ಮಾಡಿದ್ದು ಯಾರು? ಅವರು ಅಷ್ಟು ಹತ್ರ ಇದಾರಲ್ಲ, ಅವರಿಗೆ ಗುಂಡು ತಾಗಲಿಲ್ವಾ?’

ತಾಗಲಿಲ್ಲ, ಯಾಕೆಂದರೆ ಅದು ಸಿನಿಮಾ. ಕ್ರಾಂತಿಗೆ ಹತ್ತು ವರ್ಷ ತುಂಬಿತು ಅಂತ 1927ರಲ್ಲಿ ಐಸೆನ್‌ಸ್ಟೈನ್ ಎಂಬ ನಿರ್ದೇಶಕ ಅದೇ ಅರಮನೆಯ ಮುಂದೆ ಸಾವಿರಾರು ಜನರನ್ನು ಓಡಿಸಿ ತೆಗೆದ ದೃಶ್ಯ ಅದು. ನಿಜವಾದ ಆ ರಾತ್ರಿ ಅಂಥ ಮಹಾ ದಾಳಿಯೇನೂ ನಡೆದಿರಲಿಲ್ಲ. ಬಹಳಷ್ಟು ಜನ ಪಕ್ಕದ ಬಾಗಿಲುಗಳಿಂದ ಒಳಗೆ ನುಸುಳಿದ್ದರು, ಸತ್ತವರು ಕೆಲವೇ ಮಂದಿ. ನಿಜವಾದ ಕ್ರಾಂತಿಗಿಂತ ಶೂಟಿಂಗಿನಲ್ಲೇ ಅರಮನೆಗೆ ಜಾಸ್ತಿ ಏಟು ಬಿತ್ತು ಅಂತ ಒಂದು ಹಳೆಯ ತಮಾಷೆಯೂ ಇದೆ. ಸಿನಿಮಾ ಚೆನ್ನಾಗಿದೆ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಅದನ್ನು ನಡೆದದ್ದೇ ಹೀಗೆ ಎಂಬಂತೆ ತೋರಿಸುತ್ತಾರಲ್ಲ, ನನ್ನ ತಕರಾರು ಅಲ್ಲಿ. ಪರದೆಯ ಮೂಲೆಯಲ್ಲಿ ‘1927ರ ಸಿನಿಮಾದಿಂದ’ ಅಂತ ಎರಡು ಪದ ಹಾಕಿದ್ದರೆ ಮುಗಿದು ಹೋಗುತ್ತಿತ್ತು.

ಚಿತ್ರ ಹೀಗೆ ದಾರಿ ತಪ್ಪಿಸಿದಾಗ ಮಾತೂ ತಪ್ಪುತ್ತದೆ. ಮುನ್ನೂರು ವರ್ಷದ ರಾಜಮನೆತನ ಆ ರಾತ್ರಿ ಉರುಳಿತು ಎಂದರು ನಿರೂಪಕರು. ಎಲ್ಲಿ ಉರುಳಿತು ಸ್ವಾಮಿ? ತ್ಸಾರ್ ಎರಡನೇ ನಿಕೋಲಸ್ ಅದೇ ವರ್ಷ ಮಾರ್ಚ್‌ನಲ್ಲೇ ಪಟ್ಟ ಬಿಟ್ಟಾಗಿತ್ತು. ನವೆಂಬರ್‌ನ ಆ ರಾತ್ರಿ ಅವನು ಸಂಸಾರ ಸಮೇತ ಸೈಬೀರಿಯಾದ ಟೊಬೊಲ್ಸ್ಕ್‌ನಲ್ಲಿ ಕಾವಲಿನಲ್ಲಿದ್ದ. ಅರಮನೆಯಲ್ಲಿ ಸಿಕ್ಕಿಬಿದ್ದವರು ಹಂಗಾಮಿ ಸರ್ಕಾರದ ಮಂತ್ರಿಗಳು. ಗೇಟಿನ ಮೇಲಿನ ಕಿರೀಟವನ್ನು ನೋಡಿ ಬರೆದವರೂ ಮೋಸ ಹೋದರೇನೋ.

ಇದೇ ನಿಕೋಲಸ್‌ನ ನಿಜವಾದ ಫಿಲ್ಮ್ ಬೇಕಿದ್ದರೆ ಇದೆ. 1896ರ ಮೇ ತಿಂಗಳಲ್ಲಿ ಮಾಸ್ಕೋದಲ್ಲಿ ಅವನ ಪಟ್ಟಾಭಿಷೇಕ ಆದಾಗ ಫ್ರಾನ್ಸಿನ ಲ್ಯೂಮಿಯೇರ್ ಸಹೋದರರ ಕ್ಯಾಮೆರಾದವರು ಅಲ್ಲಿಗೆ ಹೋಗಿದ್ದರು. ಪ್ಯಾರಿಸ್‌ನಲ್ಲಿ ಅವರ ಮೊದಲ ಪ್ರದರ್ಶನ ಆಗಿ ಇನ್ನೂ ಆರು ತಿಂಗಳೂ ಕಳೆದಿರಲಿಲ್ಲ. ಮೆರವಣಿಗೆ ಫಿಲ್ಮಿನಲ್ಲಿ ಉಳಿಯಿತು. ನಾಲ್ಕು ದಿನ ಬಿಟ್ಟು ಖೋಡಿಂಕಾ ಮೈದಾನದಲ್ಲಿ, ರಾಜನ ಕಡೆಯಿಂದ ಹಂಚುವ ಲೋಟ ಮತ್ತು ತಿಂಡಿಯ ಗಂಟಿಗಾಗಿ ಜನ ಮುಗಿಬಿದ್ದರು. ಕಾಲ್ತುಳಿತದಲ್ಲಿ 1,300ಕ್ಕೂ ಹೆಚ್ಚು ಮಂದಿ ಸತ್ತರು. ಅಲ್ಲೂ ಆ ಕ್ಯಾಮೆರಾ ಇತ್ತು, ಪೊಲೀಸರು ಕಿತ್ತುಕೊಂಡರು ಅಂತ ಆ ತಂಡದವನೇ ಒಬ್ಬ ಆಮೇಲೆ ಹೇಳಿಕೊಂಡಿದ್ದಾನೆ. ಮೆರವಣಿಗೆಯ ಚಿತ್ರ ನಮಗೆ ಸಿಕ್ಕಿದೆ, ಮೈದಾನದ ಚಿತ್ರ ಸಿಕ್ಕಿಲ್ಲ. ಇದನ್ನು ಹೇಳಿ ಆ ಮೆರವಣಿಗೆ ತೋರಿಸಿದರೆ ಅದೇ ಮೆರವಣಿಗೆ ಬೇರೆ ಥರ ಕಾಣುತ್ತದೆ, ಅಲ್ವಾ? ಆದರೆ ನಾನು ನೋಡಿದ ಕಂತಿನಲ್ಲಿ ಸುಮ್ನೆ ಪಿಟೀಲು ಬಾರಿಸಿ ಮುಂದೆ ಹೋದರು.

ರಾಜಮನೆತನಗಳ ಕಾರ್ಯಕ್ರಮ ಎಂದರೆ ಈಗ ಹೆಚ್ಚಾಗಿ ಬ್ರಿಟನ್ನಿನದೇ. ಅಲ್ಲಂತೂ ಕ್ಯಾಮೆರಾ ಎಲ್ಲಿ ನಿಲ್ಲಬೇಕು ಎಂಬುದೇ ಒಂದು ದೊಡ್ಡ ಕಥೆ. 1953ರ ಜೂನ್ 2ರಂದು ಎರಡನೇ ಎಲಿಜಬೆತ್ ಪಟ್ಟಾಭಿಷೇಕ ಆದಾಗ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಒಳಗೆ ಟೀವಿ ಕ್ಯಾಮೆರಾ ಬೇಡ ಅಂತಲೇ ಮೊದಲು ತೀರ್ಮಾನ ಆಗಿತ್ತು. ಪ್ರಧಾನಿ ಚರ್ಚಿಲ್‌ಗೂ ಅದು ಇಷ್ಟ ಇರಲಿಲ್ಲ. ಗಲಾಟೆ ಆದಮೇಲೆ ಒಪ್ಪಿದರು, ಆದರೆ ರಾಣಿಗೆ ಪವಿತ್ರ ತೈಲ ಹಚ್ಚುವ ಗಳಿಗೆಯನ್ನು ಮಾತ್ರ ತೋರಿಸುವಂತಿಲ್ಲ. ಅಂದು ತೆಗೆದ ರೀಲುಗಳನ್ನು ಬ್ರಿಟಿಷ್ ವಾಯುಪಡೆಯ ಕ್ಯಾನ್‌ಬೆರಾ ಜೆಟ್ ವಿಮಾನಗಳು ಅದೇ ದಿನ ಕೆನಡಾಕ್ಕೆ ಹೊತ್ತು ಹೋದವು. ಬಾಂಬು ಹಾಕಲು ಮಾಡಿದ ವಿಮಾನದಲ್ಲಿ ಕಿರೀಟದ ರೀಲು! 2023ರ ಮೇ 6ರಂದು ಚಾರ್ಲ್ಸ್‌ಗೂ ತೈಲ ಹಚ್ಚುವಾಗ ಅಡ್ಡ ಪರದೆ ಹಿಡಿದರು. 1969ರಲ್ಲಿ ಅರಮನೆಯೇ ಒಪ್ಪಿ ತನ್ನ ಮನೆಯೊಳಗಿನ ಬದುಕಿನ ಮೇಲೆ ಒಂದು ಡಾಕ್ಯುಮೆಂಟರಿ ತೆಗೆಯಲು ಬಿಟ್ಟಿತ್ತು, ಕೋಟಿಗಟ್ಟಲೆ ಜನ ನೋಡಿದರು. ಆಮೇಲೆ ಏನನ್ನಿಸಿತೋ, ಅದನ್ನು ಒಳಗಿಟ್ಟು ಬೀಗ ಹಾಕಿದರು. ಇವತ್ತು ರಾಜಮನೆತನದ ಬಗ್ಗೆ ‘ಒಳಗಿನ ಕಥೆ’ ಎಂಬ ಹೆಸರಿನಲ್ಲಿ ಬರುವ ಕಂತುಗಳಲ್ಲಿ ಗೇಟು, ಕಾರು, ಕೈಬೀಸುವುದು, ಮತ್ತೆ ಗೇಟು. ಒಳಗೆ ಹೋಗಲು ಬಿಡಲಿಲ್ಲ ಅಂತ ನೇರವಾಗಿ ಹೇಳಿದರೆ ಮರ್ಯಾದೆ ಹೋಗುತ್ತದೆಯೇ?

ಯಂತ್ರಗಳ ಕಡೆಗೆ ಬಂದರೆ ತೊಂದರೆ ಬೇರೆ. ಜೇಮ್ಸ್ ವ್ಯಾಟ್‌ನ ಕಾಲದಲ್ಲಿ ಕ್ಯಾಮೆರಾನೇ ಇರಲಿಲ್ಲ, ಹಾಗಾಗಿ ವೇಷ ಹಾಕಿಸಿ ನಟಿಸಲೇಬೇಕು, ಒಪ್ಪುತ್ತೇನೆ. ಆದರೆ ಪ್ರತಿ ಸಲವೂ ಒಬ್ಬ ಹುಡುಗ ಒಲೆಯ ಮುಂದೆ ಕೂತು ಕುದಿಯುವ ಕೆಟಲ್‌ನ ಮುಚ್ಚಳ ಏಳುವುದನ್ನೇ ಯಾಕೆ ನೋಡಬೇಕು? ವ್ಯಾಟ್ ಹುಟ್ಟುವುದಕ್ಕೆ ಮುಂಚೆಯೇ, 1712ರಲ್ಲೇ, ನ್ಯೂಕಮನ್‌ನ ಉಗಿಯಂತ್ರ ಕಲ್ಲಿದ್ದಲ ಗಣಿಯಿಂದ ನೀರು ಎತ್ತುತ್ತಿತ್ತು. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿದ್ದ ಅದರ ಒಂದು ಮಾದರಿಯನ್ನು ರಿಪೇರಿ ಮಾಡಲು ವ್ಯಾಟ್ ಕೈಗೆ ಕೊಟ್ಟರು. ಪ್ರತಿ ಹೊಡೆತಕ್ಕೂ ಅದೇ ಸಿಲಿಂಡರನ್ನು ಕಾಯಿಸಬೇಕು, ಮತ್ತೆ ತಣ್ಣೀರು ಬಿಟ್ಟು ಆರಿಸಬೇಕು, ಬಹುಪಾಲು ಉಗಿ ಸಿಲಿಂಡರನ್ನು ಮತ್ತೆ ಬಿಸಿ ಮಾಡುವುದಕ್ಕೇ ಖರ್ಚು. ಉಗಿಯನ್ನು ತಣಿಸಲು ಪಕ್ಕದಲ್ಲೇ ಬೇರೊಂದು ಪಾತ್ರೆ ಇಟ್ಟರೆ ಸಿಲಿಂಡರ್ ಸದಾ ಬಿಸಿಯಾಗಿಯೇ ಇರುತ್ತದಲ್ಲ ಅಂತ 1765ರಲ್ಲಿ ಹೊಳೆಯಿತು. ಅದಾದ ಮೇಲೂ ಒಳ್ಳೆಯ ಯಂತ್ರ ಬರಲು ಹತ್ತು ವರ್ಷ ಹಿಡಿಯಿತು, ಯಾಕೆಂದರೆ ಒಳಗೆಲ್ಲ ಒಂದೇ ಸಮ ಗುಂಡಗಿರುವ ಸಿಲಿಂಡರ್ ಕೊರೆಯುವವರೇ ಇರಲಿಲ್ಲ. ಕೊನೆಗೆ ಕೊರೆದು ಕೊಟ್ಟವನು ಜಾನ್ ವಿಲ್ಕಿನ್ಸನ್, ಫಿರಂಗಿಯ ನಳಿಗೆ ಕೊರೆಯುವ ಕೆಲಸದಲ್ಲಿ ಪಳಗಿದ್ದವನು. ಯುದ್ಧದ ಕಸುಬು ಗಣಿಯ ನೀರೆತ್ತಲು ಬಂತು. ಇದೆಲ್ಲ ಕೆಟಲ್‌ಗಿಂತ ಎಷ್ಟು ಚೆನ್ನಾಗಿದೆ!

ಇನ್ನೊಂದು ಕಂತು ಸ್ಟಾಲಿನ್‌ಗ್ರಾಡ್ ಮೇಲೆ. 1942ರಲ್ಲಿ ಟ್ರ್ಯಾಕ್ಟರ್ ಕಾರ್ಖಾನೆಯ ಸುತ್ತ ನಡೆದ ಕಾದಾಟ, ಬಾಗಿದ ಉಕ್ಕಿನ ಕಂಬಗಳು, ಮುರಿದ ಗೋಡೆ. ಆ ಕಂಬಗಳು ಎಲ್ಲಿಂದ ಬಂದವು ಗೊತ್ತಾ? ಅಮೆರಿಕದಿಂದ. ಡೆಟ್ರಾಯಿಟ್‌ನಲ್ಲಿ ಫೋರ್ಡ್‌ಗೆ ಕಾರ್ಖಾನೆ ಕಟ್ಟಿಸಿಕೊಟ್ಟ ಆಲ್ಬರ್ಟ್ ಕಾನ್ ಅವರ ಕಚೇರಿಯೇ ಇದಕ್ಕೂ ನಕ್ಷೆ ಮಾಡಿದ್ದು. ಚೌಕಟ್ಟನ್ನು ಅಮೆರಿಕದಲ್ಲೇ ತಯಾರಿಸಿ, ಹಡಗಿನಲ್ಲಿ ಸಾಗಿಸಿ, ವೋಲ್ಗಾ ದಂಡೆಯಲ್ಲಿ ಜೋಡಿಸಿದರು. 1930ರಲ್ಲಿ ಕಾರ್ಖಾನೆ ಶುರುವಾಯಿತು, ಯುದ್ಧ ಬಂದಾಗ ಅಲ್ಲೇ ಟ್ಯಾಂಕು ತಯಾರಾದವು. ಮುಂದೆ ನಲವತ್ತು ವರ್ಷ ಒಬ್ಬರಿಗೊಬ್ಬರು ಕ್ಷಿಪಣಿ ತೋರಿಸಿ ಹೆದರಿಸಿದ ಎರಡು ದೇಶಗಳ ಕಥೆಯಲ್ಲಿ ಇದಕ್ಕಿಂತ ಸೊಗಸಾದ ತಿರುವು ಬೇಕಾ? ಒಂದು ಸಾಲೂ ಇಲ್ಲ. ಅದರ ಬದಲು ಕೆಳಗೆ ಓಡುತ್ತಿದ್ದ ಕನ್ನಡ ಸಬ್‌ಟೈಟಲ್‌ನಲ್ಲಿ ‘ಟ್ರ್ಯಾಕ್ಟರ್ ಸಸ್ಯ’ ಅಂತ ಬಂತು. ಮೊದಲು ನನಗೆ ಅರ್ಥವೇ ಆಗಲಿಲ್ಲ. ಇಂಗ್ಲಿಷಿನಲ್ಲಿ ಕಾರ್ಖಾನೆಗೂ ‘ಪ್ಲಾಂಟ್’ ಅಂತಾರೆ, ಅದನ್ನೇ ಗಿಡ ಮಾಡಿಬಿಟ್ಟಿದ್ದರು. ಅರ್ಥವಾದ ಮೇಲೆ ಮನೆಮಂದಿಯೆಲ್ಲ ನಕ್ಕಿದ್ದೇ ನಕ್ಕಿದ್ದು. ಅದೇ ಕಂತಿನಲ್ಲಿ ಬಿಳಿ ಬಟ್ಟೆಯ ಸೋವಿಯತ್ ಸೈನಿಕರು ಎರಡು ಕಡೆಯಿಂದ ಹಿಮದ ಮೇಲೆ ಓಡಿ ಬಂದು ತಬ್ಬಿಕೊಳ್ಳುವ ಪ್ರಸಿದ್ಧ ದೃಶ್ಯವೂ ಇತ್ತು. ಕಲಾಚ್ ಹತ್ತಿರ ಎರಡು ಪಡೆಗಳು ಸೇರಿ ಜರ್ಮನ್ನರನ್ನು ಸುತ್ತುವರಿದದ್ದು ನಿಜ, 1942ರ ನವೆಂಬರ್ 23ರಂದು. ತಬ್ಬಿಕೊಂಡ ಫಿಲ್ಮ್ ಮಾತ್ರ ಆಮೇಲೆ ಕ್ಯಾಮೆರಾಕ್ಕಾಗಿ ಇನ್ನೊಮ್ಮೆ ಮಾಡಿಸಿದ್ದು.

ಶೀತಲ ಸಮರದ ವಿಷಯದಲ್ಲಿ ಹಾಗಲ್ಲ, ಎಲ್ಲಕ್ಕೂ ಕ್ಯಾಮೆರಾ ಇತ್ತು ಅಂದುಕೊಳ್ಳುತ್ತೇವೆ. ಇರಲಿಲ್ಲ. 1961ರ ಏಪ್ರಿಲ್ 12ರಂದು ಗಗಾರಿನ್ 108 ನಿಮಿಷದಲ್ಲಿ ಭೂಮಿ ಸುತ್ತಿ ಬಂದರು. ನೆಲಕ್ಕಿಳಿದದ್ದು ನೌಕೆಯೊಳಗೆ ಕೂತು ಅಲ್ಲ, ಹೊರಗೆ ಹಾರಿ, ತಮ್ಮದೇ ಪ್ಯಾರಾಚೂಟ್‌ನಲ್ಲಿ. ನೌಕೆಯೊಳಗೇ ಇಳಿದರೆ ಮಾತ್ರ ದಾಖಲೆ ಎಂಬ ನಿಯಮ ಇದ್ದದ್ದರಿಂದ ಇದನ್ನು ಹಲವು ವರ್ಷ ಮುಚ್ಚಿಟ್ಟರು. ಆ ರಾಕೆಟ್ ಮಾಡಿದ ಕೊರೊಲೆವ್ ಅವರ ಹೆಸರೇ 1966ರಲ್ಲಿ ಅವರು ಸಾಯುವ ತನಕ ಹೊರಜಗತ್ತಿಗೆ ಗೊತ್ತಿರಲಿಲ್ಲ. 1962ರ ಅಕ್ಟೋಬರ್ 27ರಂದು ಕ್ಯೂಬಾ ಹತ್ತಿರ ನೀರಿನಡಿ ಇದ್ದ ಸೋವಿಯತ್ ಜಲಾಂತರ್ಗಾಮಿ ಬಿ-59ರೊಳಗೆ, ಅಣು ಟಾರ್ಪೆಡೊ ಬಿಡುವುದೋ ಬೇಡವೋ ಎಂಬ ಹೊತ್ತಿನಲ್ಲಿ ಬೇಡ ಅಂತ ಹಟ ಹಿಡಿದವರೆಂದು ಹೆಸರಾದ ನೌಕಾಧಿಕಾರಿ ಆರ್ಖಿಪೊವ್ ಅವರ ಪಕ್ಕ ಯಾವ ಕ್ಯಾಮೆರಾ ಇತ್ತು? ಇರಲು ಸಾಧ್ಯವೇ ಇಲ್ಲ. ಆ ಜಾಗದಲ್ಲಿ ಯಾವುದೋ ಬೇರೆ ಜಲಾಂತರ್ಗಾಮಿಯ ಚಿತ್ರ ಹಾಕುತ್ತಾರೆ, ಅದೂ ಒಮ್ಮೆ ಅಮೆರಿಕದ್ದೇ ಹಾಕಿದ್ದರು!

ಹಾಗಂತ ಚೆನ್ನಾಗಿ ಮಾಡುವವರು ಇಲ್ಲವೇ ಇಲ್ಲ ಅಂತ ಅಲ್ಲ. 1959ರ ಜುಲೈನಲ್ಲಿ ಮಾಸ್ಕೋದ ಅಮೆರಿಕನ್ ವಸ್ತುಪ್ರದರ್ಶನದಲ್ಲಿ ಅಮೆರಿಕದ ಉಪಾಧ್ಯಕ್ಷ ನಿಕ್ಸನ್ ಮತ್ತು ಸೋವಿಯತ್ ನಾಯಕ ಕ್ರುಶ್ಚೇವ್ ಅಡುಗೆಮನೆಯ ಮಾದರಿಯ ಮುಂದೆ ನಿಂತು ವಾದಕ್ಕಿಳಿದರಲ್ಲ, ಅದರ ಮೇಲೆ ಒಂದು ಕಂತು ನೋಡಿದೆ. ರಾಕೆಟ್‌ನಲ್ಲಿ ನೀವು ಮುಂದಿರಬಹುದು, ಕಲರ್ ಟೀವಿಯಲ್ಲಿ ನಾವು ಮುಂದೆ ಎಂಬರ್ಥದಲ್ಲಿ ನಿಕ್ಸನ್ ಮಾತಾಡುತ್ತಾರೆ. ಆ ಮಾತು ದಾಖಲಾದದ್ದೂ ಆಗಷ್ಟೇ ಬಂದಿದ್ದ ಕಲರ್ ವಿಡಿಯೊ ಟೇಪಿನ ಮೇಲೆ. ಅಂದರೆ ಕ್ಯಾಮೆರಾನೇ ಪ್ರದರ್ಶನದ ಸರಕು. ಆ ಕಂತಿನವರು ಟೇಪಿನ ಯಂತ್ರವನ್ನು ಹತ್ತಿರದಿಂದ ತೋರಿಸಿ ಇದನ್ನು ಬಿಡಿಸಿ ಹೇಳಿದರು. ವಾಷಿಂಗ್ ಮೆಷಿನ್ ಬಗ್ಗೆ ಇಬ್ಬರು ದೊಡ್ಡ ಮನುಷ್ಯರು ಬೆರಳು ತೋರಿಸಿ ಜಗಳ ಆಡುವುದನ್ನು ಎರಡನೇ ಸಲ ನೋಡಿದಾಗ ಇನ್ನೂ ಮಜಾ ಬಂತು.

ನಾನು ಕೇಳುವುದು ದೊಡ್ಡದೇನಲ್ಲ. ದೃಶ್ಯ ಬಂದಾಗ ಮೂಲೆಯಲ್ಲಿ ಒಂದು ಸಾಲು: ಯಾವ ವರ್ಷ, ಯಾರು ತೆಗೆದದ್ದು, ನಡೆದಾಗಲೇ ತೆಗೆದದ್ದೋ ಆಮೇಲೆ ಮಾಡಿಸಿದ್ದೋ. ಬಣ್ಣ ಈಗ ಹಚ್ಚಿದ್ದರೆ ಹಾಗೇ ಹೇಳಿ. ಮೂಕಿ ಫಿಲ್ಮಿಗೆ ಬೂಟಿನ ಸದ್ದು, ಕೆಮ್ಮು ಸೇರಿಸಿದ್ದರೆ ಅದನ್ನೂ ಹೇಳಿ. ಈಗಂತೂ ಕಂಪ್ಯೂಟರಿಗೆ ಎರಡು ಮಾತು ಹೇಳಿದರೆ ಸಾಕು, ತ್ಸಾರ್ ಕಣ್ಣೀರು ಹಾಕುವ ವಿಡಿಯೊ ಮಾಡಿಕೊಡುತ್ತದೆ. ಇನ್ನು ಐದು ವರ್ಷ ಬಿಟ್ಟು ಅದೂ ಯಾವುದೋ ಕಂತಿನಲ್ಲಿ ಸಾಕ್ಷಿಯಾಗಿ ಬಂದು ಕೂರುವುದಿಲ್ಲ ಅಂತ ಏನು ಗ್ಯಾರಂಟಿ? ನಿಮ್ಮ ಪತ್ರಿಕೆಯಲ್ಲಿ ಸಿನಿಮಾಗೆ, ಧಾರಾವಾಹಿಗೆ ಜಾಗ ಇದೆ. ವಾರಕ್ಕೊಂದು ಡಾಕ್ಯುಮೆಂಟರಿಯನ್ನೂ ತಿಳಿದವರ ಕೈಲಿ ವಿಮರ್ಶೆ ಮಾಡಿಸಿದರೆ ಚಾನೆಲ್‌ನವರು ಸ್ವಲ್ಪ ಎಚ್ಚರ ಆದಾರು.

ಕ್ರಾಂತಿಯ ಕಂತು ಆದಮೇಲೆ ಮಗಳಿಗೆ ಇದೇ ಹುಚ್ಚು ಹಿಡಿದಿದೆ. ಚಂದ್ರನ ಮೇಲೆ ಆರ್ಮ್‌ಸ್ಟ್ರಾಂಗ್ ಮೊದಲ ಹೆಜ್ಜೆ ಇಡುವಾಗ, ‘ಇವರೇ ಮೊದಲು ಇಳಿದವರು ಅಂದ್ರೆ ಕೆಳಗೆ ಕ್ಯಾಮೆರಾ ಹಿಡಿದಿರೋದು ಯಾರು?’ ಎಂದಳು. ನೌಕೆಯ ಪಕ್ಕಕ್ಕೇ ಕ್ಯಾಮೆರಾ ಕಟ್ಟಿದ್ದರು, ಏಣಿ ಇಳಿಯುವಾಗ ಅವರೇ ಒಂದು ಹಿಡಿ ಎಳೆದು ಅದನ್ನು ಹೊರಗೆ ಬಿಟ್ಟರು ಅಂತ ಹೇಳಿದೆ. ಆಮೇಲೆ 1972ರ ಡಿಸೆಂಬರ್, ಅಪೊಲೊ 17. ಕೊನೆಯ ಇಬ್ಬರೂ ನೌಕೆಯಲ್ಲಿ ಕೂತು ಚಂದ್ರನಿಂದ ಮೇಲೇರುತ್ತಾರೆ, ಕ್ಯಾಮೆರಾ ತಲೆ ಎತ್ತಿ ಅವರನ್ನೇ ನೋಡುತ್ತದೆ. ಮಗಳು ನನ್ನ ಮುಖ ನೋಡಿದಳು. ಅಲ್ಲಿ ಬಿಟ್ಟು ಬಂದ ಗಾಡಿಯ ಮೇಲಿನ ಕ್ಯಾಮೆರಾ ಅದು, ತಿರುಗಿಸಿದ್ದು ಭೂಮಿಯ ಮೇಲೆ ಹ್ಯೂಸ್ಟನ್‌ನಲ್ಲಿ ಕೂತಿದ್ದ ಎಡ್ ಫೆಂಡೆಲ್. ಸಂಕೇತ ಅಲ್ಲಿಗೆ ಮುಟ್ಟಲು ಒಂದು ಸೆಕೆಂಡಿಗೂ ಜಾಸ್ತಿ ಬೇಕು, ಹಾಗಾಗಿ ನೌಕೆ ಏಳುವ ಮುಂಚೆಯೇ ಅಂದಾಜಿನ ಮೇಲೆ ಗುಂಡಿ ಒತ್ತಬೇಕು. ಹಿಂದಿನ ಎರಡು ಯಾತ್ರೆಗಳಲ್ಲಿ ಇದು ಸರಿಯಾಗಿ ಆಗಿರಲಿಲ್ಲ, ಈ ಸಲ ಆಯಿತು. ಪರದೆಯ ಮೇಲೆ ಇದ್ಯಾವುದೂ ಬರಲಿಲ್ಲ. ಮಗಳು ರಿಮೋಟ್ ಕಸಿದುಕೊಂಡು ಆ ಅರ್ಧ ನಿಮಿಷವನ್ನು ನಾಲ್ಕು ಸಲ ಹಿಂದಕ್ಕೆ ಹಾಕಿ ನೋಡಿದಳು.

ಇಂತಿ,
ನಿಮ್ಮ ಹಳೆಯ ಓದುಗ