ಕಿಲ್ತಾನ್ ಹತ್ತಿರ ನಿಂತುಬಿಟ್ಟಿದ್ದೇನೆ

ಕುಂಬಳೆ,
ಆಟಿ ತಿಂಗಳ ಒಂದು ಸಂಜೆ

ಪ್ರೀತಿಯ ಮಗಳೇ,

ನೀನು ಕಳಿಸಿದ ಜೂಲ್ಸ್ ವರ್ನ್ ಅವರ "ಟ್ವೆಂಟಿ ಥೌಸಂಡ್ ಲೀಗ್ಸ್ ಅಂಡರ್ ದ ಸೀ" ಬಗ್ಗೆ ಪ್ರತಿ ಆದಿತ್ಯವಾರ ಫೋನಿನಲ್ಲಿ ನಿನ್ನದು ಒಂದೇ ಪ್ರಶ್ನೆ. "ಅಮ್ಮಾ, ಪುಸ್ತಕ ಮುಗಿಯಿತಾ?" ನಾನು "ಆಗ್ತಾ ಉಂಟು" ಎನ್ನುತ್ತೇನೆ. ಆಗ್ತಾ ಇಲ್ಲ ಮಾರಾಯ್ತಿ. ಮೂರು ವಾರದಿಂದ ಗುರುತಿಗೆ ಇಟ್ಟ ಚೀಟಿ ಒಂದೇ ಪುಟದಲ್ಲಿದೆ. ಚೀಟಿ ಅಂದರೆ ಕರೆಂಟ್ ಬಿಲ್ಲು. ಅಪ್ಪ ಅದಕ್ಕಾಗಿ ಮನೆಯೆಲ್ಲ ಹುಡುಕಿದರು. ಸಿಕ್ಕಿದ್ದು ಕಟ್ಟುವ ದಿನ ದಾಟಿದ ಮೇಲೆ, ನಿನ್ನ ಪುಸ್ತಕದೊಳಗೆ. ನಾನು ಅದನ್ನು ಎಷ್ಟು ಓದುತ್ತಿದ್ದೇನೆ ಅಂತ ಅವರಿಗೂ ಗೊತ್ತಾಗಿಹೋಯಿತು.

ಫೋನಿನಲ್ಲಿ ಹೇಳಲಾಗದ ಒಂದು ವಿಷಯವೂ ಇದೆ. ಅದಕ್ಕೇ ಬರೆಯುತ್ತಿದ್ದೇನೆ.

ಶುರು ಚೆನ್ನಾಗಿಯೇ ಇತ್ತು. 1866ನೇ ಇಸವಿ. ಕಡಲಲ್ಲಿ ಏನೋ ದೊಡ್ಡದೊಂದು ಓಡಾಡುತ್ತಿದೆ, ಹಡಗುಗಳಿಗೆ ಗುದ್ದುತ್ತಿದೆ. ಅದನ್ನು ಹಿಡಿಯಲು ಅಮೆರಿಕದ ಹಡಗು ಹೊರಡುತ್ತದೆ. ಪ್ಯಾರಿಸಿನ ಪ್ರೊಫೆಸರ್ ಅರೊನಾಕ್ಸ್, ಅವರ ಸೇವಕ ಕಾನ್ಸೇಯ್, ಈಟಿ ಎಸೆಯುವ ನೆಡ್ ಲ್ಯಾಂಡ್, ಮೂವರೂ ನೀರಿಗೆ ಬಿದ್ದು ಕೊನೆಗೆ ಆ ಪ್ರಾಣಿಯ ಬೆನ್ನಿನ ಮೇಲೇ ಹತ್ತಿ ನಿಲ್ಲುತ್ತಾರೆ. ನೋಡಿದರೆ ಅದು ಪ್ರಾಣಿಯೇ ಅಲ್ಲ, ಉಕ್ಕು! ಅಲ್ಲಿಗೆ ಬರುವಾಗ ಒಲೆಯ ಮೇಲಿನ ಗಂಜಿ ಉಕ್ಕಿ ಗ್ಯಾಸೇ ಆರಿಹೋಗಿತ್ತು. ಆಮೇಲೆ 70 ಮೀಟರ್ ಉದ್ದದ ಸಬ್‌ಮೆರೀನ್ ನಾಟಿಲಸ್, ಒಳಗೆ 12,000 ಪುಸ್ತಕಗಳ ಲೈಬ್ರರಿ, ಊರು ಹೆಸರು ಬಿಟ್ಟುಕೊಡದ ಕ್ಯಾಪ್ಟನ್. ಅವನು ಇಟ್ಟುಕೊಂಡ ಹೆಸರು ನೆಮೊ, ಅಂದರೆ ಲ್ಯಾಟಿನ್ನಿನಲ್ಲಿ "ಯಾರೂ ಅಲ್ಲ" ಅಂತೆ. ಇಪ್ಪತ್ತು ಸಾವಿರ ಲೀಗ್ ಅನ್ನುವುದು ಆಳ ಅಲ್ಲ, ಹಡಗು ಓಡಿದ ದೂರ ಅಂತಲೂ ಈಗಲೇ ತಿಳಿದದ್ದು. ಸುಮಾರು 80,000 ಕಿಲೋಮೀಟರ್, ಭೂಮಿಗೆ ಎರಡು ಸುತ್ತು. ಎಷ್ಟು ಮಕ್ಕಳಿಗೆ ಆಳ ಅಂತಲೇ ಹೇಳಿಕೊಟ್ಟಿದ್ದೇನೋ, ದೇವರೇ.

ಆಮೇಲೆ ಮೀನು ಶುರುವಾಯಿತು.

ಹಡಗು ಸ್ವಲ್ಪ ಮುಂದೆ ಹೋಗುವುದೇ ತಡ, ಪ್ರೊಫೆಸರರು ಗಾಜಿನ ಕಿಟಕಿಯ ಮುಂದೆ ನಿಂತು ಮೀನಿನ ಹೆಸರು ಹೇಳಲು ತೊಡಗುತ್ತಾರೆ. ಹೆಸರು, ಬಣ್ಣ, ಉದ್ದ, ರೆಕ್ಕೆಯ ಲೆಕ್ಕ. ಅದಾದ ಮೇಲೆ ಚಿಪ್ಪು. ಅದಾದ ಮೇಲೆ ಹವಳ. ಕ್ಲಾಸಿನಲ್ಲಿ ಹಾಜರಿ ಕರೆದ ಹಾಗೆ. ಹಾಜರಿ ಕರೆದರೆ ಒಬ್ಬನಾದರೂ "ಪ್ರೆಸೆಂಟ್ ಟೀಚರ್" ಅನ್ನುತ್ತಾನೆ. ಇಲ್ಲಿ ಯಾವ ಮೀನೂ ಬಾಯಿ ಬಿಡುವುದಿಲ್ಲ. ಮೊದಮೊದಲು ಡಿಕ್ಷನರಿ ತೆಗೆದು ನೋಡುತ್ತಿದ್ದೆ. ಡಿಕ್ಷನರಿಯಲ್ಲಿ "ಒಂದು ಬಗೆಯ ಮೀನು" ಅಂತ ಇರುತ್ತಿತ್ತು. ಅಷ್ಟು ನನಗೂ ಗೊತ್ತಿತ್ತಲ್ಲ!

ಒಂದು ಕಡೆ ಮಾತ್ರ ಜೋರಾಗಿ ನಕ್ಕೆ. ಕಾನ್ಸೇಯ್ ಇದ್ದಾನಲ್ಲ, ಅವನು ಎಲ್ಲ ಮೀನನ್ನೂ ಜಾತಿ, ಉಪಜಾತಿ, ಪಂಗಡ ಅಂತ ಬಾಯಿಪಾಠ ವಿಂಗಡಿಸುತ್ತಾನೆ. ಆದರೆ ಎದುರಿಗೆ ಮೀನು ಬಂದರೆ ಯಾವುದು ಅಂತ ಗುರುತು ಸಿಗುವುದಿಲ್ಲ. ನೆಡ್ ಲ್ಯಾಂಡಿಗೆ ಗುರುತು ಸಿಗುತ್ತದೆ, ಆದರೆ ಅವನ ಲೆಕ್ಕದಲ್ಲಿ ಮೀನು ಎರಡೇ ಬಗೆ. ತಿನ್ನುವ ಮೀನು, ತಿನ್ನದ ಮೀನು. ನಾನು ನೆಡ್ ಲ್ಯಾಂಡ್ ಪಾರ್ಟಿ. ಇಲ್ಲಿ ಜೂನ್ 9ರ ರಾತ್ರಿಯಿಂದ ಟ್ರಾಲಿಂಗ್ ನಿಷೇಧ, 52 ದಿನ. ಬಂಗುಡೆಗೆ ಚಿನ್ನದ ರೇಟು. ಬೂತಾಯಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅಂಜಲಿನ ಮಾತು ಎತ್ತುವ ಹಾಗೇ ಇಲ್ಲ. ಒಣಮೀನು ಸುಟ್ಟು ಗಂಜಿ ಉಣ್ಣುವವಳ ಎದುರಿಗೆ ಒಬ್ಬರು ಕೂತು ಪುಟಗಟ್ಟಲೆ ಹಸಿಮೀನು ವರ್ಣಿಸಿದರೆ ಹೇಗಾಗುತ್ತದೆ ಹೇಳು.

ಪುಟ ಹಾರಿಸು ಅಂತ ನೀನು ಹೇಳಬಹುದು. ನನ್ನ ಕೈಯಲ್ಲಿ ಆಗುವುದಿಲ್ಲ. ಮೂವತ್ತು ವರ್ಷ ಮಕ್ಕಳಿಗೆ "ಪೂರ್ತಿ ಓದಿ, ಆಮೇಲೆ ಉತ್ತರ ಬರೆಯಿರಿ" ಅಂದವಳು ನಾನು. ಪೀಠಿಕೆ ಓದಿದ ಮೇಲೆ ಸ್ವಲ್ಪ ಧೈರ್ಯ ಬಂದದ್ದು ಹೌದು. 1870ರ ದಶಕದಲ್ಲಿ ಇದನ್ನು ಮೊದಲು ಇಂಗ್ಲಿಷಿಗೆ ತಂದವರು ಒಬ್ಬ ಪಾದ್ರಿಯಂತೆ, ಮರ್ಸಿಯರ್ ಅಂತ. ಸುಮಾರು ಕಾಲು ಭಾಗ ಕತ್ತರಿಸಿಬಿಟ್ಟಿದ್ದರಂತೆ. ಮೀನಿನ ಪಟ್ಟಿ ಮಾತ್ರ ಆಗಿದ್ದರೆ ನಾನು ಪಾದ್ರಿಯ ಕಡೆ ನಿಲ್ಲುತ್ತಿದ್ದೆ. ನೆಮೊನ ರಾಜಕೀಯದ ಮಾತುಗಳಿಗೂ ಕತ್ತರಿ ಹಾಕಿದ್ದಾರೆ. ಅದು ಸರಿಯಲ್ಲ. ಈ ಪುಸ್ತಕದಲ್ಲಿ ಬೆಂಕಿ ಇರುವುದೇ ಅಲ್ಲಿ.

ಸಿಲೋನಿನ ಮುತ್ತಿನ ಅಧ್ಯಾಯದಲ್ಲಿ ಆ ಬೆಂಕಿ ಕಂಡಿತು. ಮುತ್ತು ಹೆಕ್ಕಲು ಮುಳುಗಿದ ಬಡ ಭಾರತೀಯನ ಮೇಲೆ ಶಾರ್ಕ್ ಎರಗುತ್ತದೆ. ನೆಮೊ ಚಾಕು ಹಿಡಿದು ನುಗ್ಗುತ್ತಾನೆ. ಅವನನ್ನು ಬದುಕಿಸಿ ಮೇಲೆ ತಂದು, ಕೈಗೆ ಮುತ್ತಿನ ಚೀಲ ಇಡುತ್ತಾನೆ. ತುಳಿಸಿಕೊಂಡ ದೇಶದವನು ಅವನು, ನಾನೂ ಅವರ ಕಡೆಯವನೇ ಅನ್ನುವ ಅರ್ಥದ ಮಾತಾಡುತ್ತಾನೆ. ಮಲಗಿದ್ದವಳು ಎದ್ದು ಕೂತೆ. ಇನ್ನು ಓಡುತ್ತದೆ ಕತೆ ಅಂತ ಪುಟ ತಿರುಗಿಸಿದರೆ, ಜನವರಿ 29, ನಾಟಿಲಸ್ ಸಿಲೋನ್ ಬಿಟ್ಟು ಮಾಲ್ಡೀವ್ಸ್ ಮತ್ತು ಲಕ್ಷದ್ವೀಪದ ನಡುವೆ ನುಗ್ಗುತ್ತಿದೆ. ಕಿಲ್ತಾನ್ ದ್ವೀಪದ ಪಕ್ಕದಲ್ಲೇ ಹಾದುಹೋಗುತ್ತದೆ.

ಕಿಲ್ತಾನ್! ನಮ್ಮ ಕಡಲ ಕರೆಯಿಂದ ಸುಮಾರು 250 ಕಿಲೋಮೀಟರ್. ಎದೆ ಹೊಡೆದುಕೊಂಡಿತು. ಈಗ ಬರುತ್ತಾನೆ, ಈಗ ಈ ಕಡೆ ತಿರುಗುತ್ತಾನೆ ಅಂತ ಕಾದೆ. ಬರೆದದ್ದು ಎಷ್ಟು ಗೊತ್ತಾ? ಹವಳದ ದ್ವೀಪ, 1499ರಲ್ಲಿ ವಾಸ್ಕೋ ಡ ಗಾಮ ಕಂಡುಹಿಡಿದದ್ದು. ಮುಗಿಯಿತು. ಹಡಗು ಒಮಾನಿನ ಕಡೆ ಹೊರಟೇಬಿಟ್ಟಿತು.

ಕಂಡುಹಿಡಿಯಲು ಅದು ಕಳೆದುಹೋಗಿತ್ತಾ? ಅಲ್ಲಿ ಜನ ಇದ್ದರು. ತೆಂಗಿನ ನಾರು ಹೊಸೆದು ಹುರಿ ಮಾಡಿ, ಓಡ ಅನ್ನುವ ದೋಣಿಯಲ್ಲಿ ಮಂಗಳೂರಿಗೆ ತಂದು, ಅಕ್ಕಿ ಒಯ್ಯುತ್ತಿದ್ದರು. ನಿನಗೆ ಗೊತ್ತಿರಲಿಕ್ಕಿಲ್ಲ, ಕಿಲ್ತಾನ್, ಅಮಿನಿ, ಕಡಮತ್, ಚೆತ್ಲತ್, ಬಿತ್ರಾ ಈ ದ್ವೀಪಗಳು ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಮಿನ್‌ದಿವಿ ದ್ವೀಪಗಳು ಅನ್ನುತ್ತಿದ್ದರು. ಅಲ್ಲಿನವರು ಕಣ್ಣೂರಿನ ಅರಕ್ಕಲ್ ಮನೆತನದ ಕಾಟ ತಡೆಯಲಾರದೆ ಮಂಗಳೂರಿಗೆ ಬಂದು ಟಿಪ್ಪುವಿನ ಆಶ್ರಯ ಕೇಳಿದ್ದರು. ಅದು 1780ರ ದಶಕದ ಮಾತು. 1799ರಲ್ಲಿ ಟಿಪ್ಪು ಸತ್ತ ಮೇಲೆ ಕಂಪನಿಯವರು ಅವನ್ನು ಮಂಗಳೂರಿನಿಂದಲೇ ಆಳಿದರು. ನಮ್ಮ ಕಾಸರಗೋಡೂ ಅದೇ ಜಿಲ್ಲೆ. 1956ರ ನವೆಂಬರ್ 1ರಂದು ನಮ್ಮನ್ನು ಕೇರಳಕ್ಕೆ ಸೇರಿಸಿದರು, ಅದೇ ದಿನ ಅವರನ್ನು ಕೇಂದ್ರಾಡಳಿತಕ್ಕೆ ಸೇರಿಸಿದರು. ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳನ್ನು ಒಂದೇ ಮುಹೂರ್ತದಲ್ಲಿ ಬೇರೆ ಬೇರೆ ಊರಿಗೆ ಕೊಟ್ಟ ಹಾಗೆ. ನಮ್ಮ ಕತೆ ಎಲ್ಲರೂ ಹೇಳುತ್ತಾರೆ, ಆ ಕಡೆಯದ್ದು ಯಾರೂ ಎತ್ತುವುದಿಲ್ಲ.

ವರ್ನ್ ಸಾಹೇಬರು ಇದನ್ನೆಲ್ಲ ಬರೆಯಬೇಕಿತ್ತು ಅಂತ ನಾನು ಹೇಳುವುದಿಲ್ಲ. ಅವರು ಬರೆದದ್ದು 1869ರಲ್ಲಿ, ಪ್ಯಾರಿಸಿನ ಪತ್ರಿಕೆಗೆ, ಕಂತು ಕಂತಾಗಿ. ಆದರೂ ಒಂದು ಸಲ ತಲೆ ತಿರುಗಿಸಿ ನೋಡಬಹುದಿತ್ತು ಅಲ್ವಾ? ಕರೆಂಟ್ ಬಿಲ್ಲು ಅಲ್ಲೇ ಉಳಿಯಿತು. 47 ಅಧ್ಯಾಯಗಳಲ್ಲಿ 28ನೆಯದು.

ಇನ್ನು ಆ ಫೋನಿನಲ್ಲಿ ಹೇಳಲಾಗದ ವಿಷಯ.

ನಾನು ಚಿಕ್ಕವಳಿದ್ದಾಗ ಓದಿದ್ದು ತೆಳ್ಳಗಿನ ಕನ್ನಡ ಪುಸ್ತಕ. ನೂರು ಪುಟವೂ ಇರಲಿಲ್ಲ. ಶಾಲೆಯ ಕಪಾಟಿನಲ್ಲಿ ಗೆದ್ದಲು ಹಿಡಿದು ಕೊನೆಯ ಪುಟಗಳು ಹೋಗಿದ್ದವು. ದೊಡ್ಡ ಆಕ್ಟೋಪಸ್ಸಿನಂಥ ಪ್ರಾಣಿಯ ಜೊತೆ ಹೊಡೆದಾಟ ಆಗುವುದು, ಅಲ್ಲಿಗೆ ಪುಸ್ತಕವೇ ಮುಗಿಯುವುದು. ಮುಂದೇನಾಯಿತು ಅಂತ ನನಗೆ ಗೊತ್ತೇ ಇಲ್ಲ. ಇವತ್ತಿಗೂ ಗೊತ್ತಿಲ್ಲ.

ಮಳೆಗಾಲದಲ್ಲಿ ಕರೆಂಟ್ ಹೋದಾಗ ನಿನಗೆ ಹೇಳುತ್ತಿದ್ದ ಆ ಕೊನೆ ಇದೆಯಲ್ಲ, ನೆಮೊ ಬೇಕಲ ಕೋಟೆಯ ಕೆಳಗೆ ಹಡಗು ನಿಲ್ಲಿಸುವುದು, ಮರಳಿನ ಮೇಲೆ ನಡೆದು ಬಂದು ಎಳನೀರಿನ ಬೊಂಡ ಕೇಳುವುದು, ದುಡ್ಡಿನ ಬದಲು ಬೊಂಡದ ಚಿಪ್ಪಿಯಲ್ಲಿ ಮುತ್ತು ಇಟ್ಟು ಹೋಗುವುದು, ಅದೆಲ್ಲ ನಾನೇ ಕಟ್ಟಿದ್ದು. ಜನರಿರುವ ನೆಲದ ಸಹವಾಸವೇ ಬೇಡ ಅಂದ ಮನುಷ್ಯನನ್ನು ನಾನು ದಡಕ್ಕೆ ಇಳಿಸಿ ಬೊಂಡ ಕುಡಿಸಿದ್ದೆ! ನೀನು ಎರಡನೇ ಕ್ಲಾಸಿನಲ್ಲಿದ್ದಾಗ ಬೇಕಲಕ್ಕೆ ಹೋದೆವಲ್ಲ. ಹಡಗು ನಿಂತದ್ದು ಎಲ್ಲಿ ಅಂತ ಕೇಳಿದೆ. ನಾನು ಒಂದು ಬಂಡೆ ತೋರಿಸಿದೆ. ನೀನು ಅಲ್ಲಿಂದ ಏಳಲೇ ಇಲ್ಲ. ಕೊನೆಗೆ ಅಪ್ಪ ಹೊತ್ತುಕೊಂಡು ಬಂದರು.

ಈಗ ತಮಾಷೆ ಕೇಳು. ವರ್ನ್ ಮೊದಲು ನೆಮೊನನ್ನು ಪೋಲೆಂಡಿನವನು ಮಾಡಬೇಕೆಂದಿದ್ದರಂತೆ, ರಷ್ಯದವರ ಮೇಲೆ ಹಗೆ ಇರುವವನು. ಪ್ರಕಾಶಕರು ಬೇಡ ಅಂದರು. ರಷ್ಯದಲ್ಲೂ ಪುಸ್ತಕ ಮಾರಬೇಕಲ್ಲ. ಹಾಗಾಗಿ ಊರೇ ಇಲ್ಲದವನಾದ. ಮುಂದೆ "ದ ಮಿಸ್ಟೀರಿಯಸ್ ಐಲ್ಯಾಂಡ್" ಅನ್ನುವ ಇನ್ನೊಂದು ಕಾದಂಬರಿಯಲ್ಲಿ, 1875ರಲ್ಲಿ, ಗುಟ್ಟು ಬಿಟ್ಟುಕೊಟ್ಟಿದ್ದಾರೆ. ನೆಮೊ ಬುಂದೇಲಖಂಡದ ರಾಜಕುಮಾರ ಡಕ್ಕರ್, 1857ರ ದಂಗೆಯಲ್ಲಿ ಹೋರಾಡಿದವನು. ಮತ್ತೆ ಅವನು ಟಿಪ್ಪು ಸುಲ್ತಾನನ ಸಂಬಂಧಿ, ಅಣ್ಣನ ಮಗನೋ ತಂಗಿಯ ಮಗನೋ. ಲೆಕ್ಕ ಹಾಕಿದೆ, ಕೂಡುವುದಿಲ್ಲ. ಟಿಪ್ಪು ಸತ್ತು ಇಪ್ಪತ್ತು ವರ್ಷ ಆದ ಮೇಲೆ ಹುಟ್ಟಿದವನಾಗುತ್ತಾನೆ. ಬುಂದೇಲಖಂಡಕ್ಕೂ ಶ್ರೀರಂಗಪಟ್ಟಣಕ್ಕೂ ಎಲ್ಲಿಯ ನೆಂಟಸ್ತಿಕೆ? ಇರಲಿ. ಕಿಲ್ತಾನ್ ಟಿಪ್ಪುವಿನದ್ದಾಗಿತ್ತು. ಶಿವಪ್ಪ ನಾಯಕ ಕಟ್ಟಿಸಿದ ಬೇಕಲ ಕೋಟೆಯೂ ಟಿಪ್ಪುವಿನ ಕೈಯಲ್ಲಿತ್ತು. ಅವನು ಹಾದುಹೋದದ್ದು ಸ್ವಂತ ಹಿರಿಯರ ಜಾಗದ ಪಕ್ಕದಲ್ಲಿ! ನಾನು ಬೊಂಡ ಕುಡಿಸಿದ್ದು ಅಷ್ಟೇನೂ ತಪ್ಪಲ್ಲ ಅಂತ ಅಪ್ಪನಿಗೆ ಹೇಳಿದೆ. ಅವರು ಬಿಲ್ಲಿನ ದಂಡದ ಲೆಕ್ಕ ಹೇಳಿದರು.

ಉಳಿದ ಪುಟ ಓದದೇ ಇರುವುದಕ್ಕೆ ಮೀನು ಒಂದೇ ಕಾರಣವಲ್ಲ. ನಿಜವಾದ ಕೊನೆ ಬೇರೆ ಇರುತ್ತದೆ. ಅದು ನನ್ನದಕ್ಕಿಂತ ಚೆನ್ನಾಗಿದ್ದರೂ ಬೇಜಾರು, ಸಪ್ಪೆಯಾಗಿದ್ದರೂ ಬೇಜಾರು.

ಪುಸ್ತಕದ ಮೊದಲ ಪುಟದಲ್ಲಿ "ಕೊನೆಯವರೆಗೂ ಓದಬೇಕು ಅಮ್ಮ" ಅಂತ ಬರೆದು ಕಳಿಸಿದ್ದೀ. "ಕೊನೆಯವರೆಗೂ" ಅನ್ನುವುದರ ಕೆಳಗೆ ಎರಡು ಗೆರೆ ಎಳೆದಿದ್ದೀ. ಅಂದರೆ ನೀನು ಓದಿದ್ದೀಯಾ. ಬೊಂಡದ ಕತೆ ಸುಳ್ಳು ಅಂತ ನಿನಗೆ ಗೊತ್ತಾದದ್ದು ಯಾವಾಗ? ಫೋನಿನಲ್ಲಿ ಹೇಳಬೇಡ, ಅಪ್ಪ ಸ್ಪೀಕರ್ ಹಾಕುತ್ತಾರೆ. ಬರೆದು ಕಳಿಸು.

ಇಂತಿ,
ಅಮ್ಮ